ಕಂಕನಾಡಿಯ ಫಾದರ್ ಮುಲ್ಲರ್: ಸಕ್ಕರೆ ಗುಳಿಗೆಯಿಂದ ರೋಗಿಯ ಹಾಸಿಗೆಯವರೆಗೆ

ಸಕಲೇಶಪುರ, ಆಲೂರು ಕಡೆಯ ನಮ್ಮ ಮನೆಗಳಲ್ಲಿ ಯಾರಾದರೂ ಕಂಕನಾಡಿಗೆ ಹೋಗಿದ್ದಾರೆ ಎಂದರೆ ಮುಂದೇನೂ ವಿವರಿಸಬೇಕಾಗಿಲ್ಲ. ಅವರು ಶಿರಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಹೋಗಿದ್ದಾರೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದೇ ಅರ್ಥ. ಆ ಊರಿನ ಹೆಸರು ಹೀಗೆ ಆಸ್ಪತ್ರೆಯ ಹೆಸರೇ ಆಗಿಹೋಗುವಂತೆ ಮಾಡಿದವರು ಒಬ್ಬ ಧರ್ಮಗುರು. ಆಸ್ಪತ್ರೆಯ ಗೇಟಿನ ಮೇಲೆ ಅವರ ಹೆಸರನ್ನು ಓದಿಕೊಂಡು ಒಳಗೆ ಹೋಗುವವರು ಸಾವಿರಾರು ಮಂದಿ. ಆದರೆ ಅವರು ಯಾರು, ಯಾವ ಔಷಧಿಯಿಂದ ಆರಂಭಿಸಿದರು, ಕೊನೆಗೆ ಎಲ್ಲಿಗೆ ಬಂದು ಮುಟ್ಟಿದರು ಎಂಬುದನ್ನು ಬಲ್ಲವರು ಕಡಿಮೆ.

ಅವರ ಬದುಕನ್ನು ಈಗ ನೆನೆಯಲು ಇನ್ನೊಂದು ಕಾರಣವೂ ಇದೆ. ವರ್ಷಾನುಗಟ್ಟಲೆ ಬಿಡದ ಕಾಯಿಲೆಯೊಂದು ಇಲ್ಲದ ಮನೆ ನಮ್ಮಲ್ಲಿ ಅಪರೂಪವಾಗಿದೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಮಂಡಿ ನೋವು, ಮಳೆ ಹಿಡಿದರೆ ಅಜ್ಜನಿಗೆ ಉಬ್ಬಸ, ಸೊಸೆಗೆ ಅರೆತಲೆನೋವು. ಗೋಡೆಯ ಗೂಡಿನಲ್ಲಿ ಡಾಕ್ಟರು ಬರೆದುಕೊಟ್ಟ ಮಾತ್ರೆಯ ಪಕ್ಕದಲ್ಲೇ ಹೋಮಿಯೋಪಥಿಯ ಸಣ್ಣ ಬಾಟಲಿ, ಅದರ ಹಿಂದೆ ಆಯುರ್ವೇದದ ತೈಲ, ಅದರಾಚೆ ನಾಟಿ ವೈದ್ಯರು ಕೊಟ್ಟ ಕಷಾಯದ ಪುಡಿ. ಇದನ್ನೆಲ್ಲ ಪ್ರಯತ್ನಿಸಿ ನೋಡುವುದು ತಪ್ಪೇ? ದೇವರ ಮೇಲೆ ನಂಬಿಕೆ ಇರುವವರು ಎಷ್ಟರಮಟ್ಟಿಗೆ ಔಷಧಿಯ ಹಿಂದೆ ಹೋಗಬೇಕು? ಫಾದರ್ ಅಗಸ್ಟಸ್ ಮುಲ್ಲರ್ ಅವರ ಜೀವನ ಈ ಪ್ರಶ್ನೆಗಳಿಗೆ ಒಂದು ಬಗೆಯ ಉತ್ತರ. ಉಪದೇಶದ ಉತ್ತರವಲ್ಲ, ದುಡಿಮೆಯ ಉತ್ತರ.

ವೆಸ್ಟ್‌ಫಾಲಿಯದಿಂದ ಮಂಗಳೂರಿಗೆ

ಅಗಸ್ಟಸ್ ಮುಲ್ಲರ್ ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯದಲ್ಲಿ. ಇಪ್ಪತ್ತರ ಹರೆಯದಲ್ಲಿ, 1861ರಲ್ಲಿ, ಯೇಸುಸಭೆಯನ್ನು ಸೇರಿದರು. ಆ ಕಾಲದಲ್ಲಿ ಜರ್ಮನಿಯ ಕಥೋಲಿಕರಿಗೆ ದಿನಗಳು ಸುಖದ್ದಾಗಿರಲಿಲ್ಲ. ಬಿಸ್ಮಾರ್ಕ್‌ನ ಸರ್ಕಾರ 1872ರಲ್ಲಿ ಯೇಸುಸಭೆಯನ್ನೇ ದೇಶದಿಂದ ಹೊರಗೆ ಹಾಕಿತು. ಸ್ವಂತ ನಾಡಿನಲ್ಲಿ ಜಾಗವಿಲ್ಲದ ಎಷ್ಟೋ ಧರ್ಮಗುರುಗಳು ಪರದೇಶಗಳ ಸೇವೆಗೆ ಹೊರಟರು.

ಇತ್ತ ಮಂಗಳೂರಿನ ಕ್ರೈಸ್ತರು ತಮ್ಮ ಮಕ್ಕಳಿಗೆ ಒಳ್ಳೆಯ ಕಾಲೇಜು ಬೇಕು, ತಮ್ಮ ಧರ್ಮಪ್ರಾಂತಕ್ಕೆ ಯೇಸುಸಭೆಯವರು ಬರಬೇಕು ಎಂದು ರೋಮಿಗೆ ಬಹಳ ಕಾಲದಿಂದ ಮನವಿ ಕಳುಹಿಸುತ್ತಿದ್ದರು. ಜಗದ್ಗುರು ಹದಿಮೂರನೇ ಲಿಯೋ 1878ರಲ್ಲಿ ಅದನ್ನು ಒಪ್ಪಿಕೊಂಡರು. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಯೇಸುಸಭೆಯ ಮೊದಲ ತಂಡ ಮಂಗಳೂರಿನ ನೆಲದಲ್ಲಿ ಕಾಲಿಟ್ಟಿತು. ಅದರಲ್ಲಿ ಮೂವತ್ತೇಳು ವರ್ಷದ ಫಾದರ್ ಮುಲ್ಲರ್ ಕೂಡ ಇದ್ದರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದಾಗ ಅಲ್ಲಿ ಪಾಠ ಹೇಳುವ ಕೆಲಸ ಅವರದಾಯಿತು.

ಅವರು ಬಂದದ್ದು ಮೇಷ್ಟರಾಗಿ, ವೈದ್ಯರಾಗಿ ಅಲ್ಲ. ಆದರೆ ಕರಾವಳಿಯ ಸೆಖೆ, ಮಳೆಗಾಲದ ಜ್ವರ, ಹೊಟ್ಟೆ ಕೆಟ್ಟು ಮಲಗುವ ಹುಡುಗರು ಇವೆಲ್ಲ ತರಗತಿಯ ಬಾಗಿಲಲ್ಲೇ ನಿಂತಿದ್ದವು. ಫಾದರ್ ಮುಲ್ಲರ್ ಅವರಿಗೆ ಹೋಮಿಯೋಪಥಿ ತಿಳಿದಿತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಸಕ್ಕರೆ ಗುಳಿಗೆಗಳನ್ನು ಕೊಡತೊಡಗಿದರು. ಹುಡುಗರು ಮನೆಗೆ ಹೋಗಿ ಹೇಳಿದರು, ಮನೆಯವರು ನೆರೆಹೊರೆಗೆ ಹೇಳಿದರು. ಕಂಕನಾಡಿಯ ಒಂದು ಆಲದ ಮರದ ಕೆಳಗೆ ರೋಗಿಗಳ ಸಾಲು ನಿಲ್ಲತೊಡಗಿತು ಎಂದು ಮಂಗಳೂರಿನ ಜನ ಇಂದಿಗೂ ಹೇಳುತ್ತಾರೆ. 1880ರಲ್ಲಿ ಹೀಗೆ ಹುಟ್ಟಿಕೊಂಡದ್ದೇ ಬಡವರ ಹೋಮಿಯೋಪಥಿ ಔಷಧಾಲಯ.

ಯೇಸುಸಭೆಯವರ ತೊಗಟೆ

ಈ ಹೋಮಿಯೋಪಥಿ ಎಲ್ಲಿಂದ ಬಂತು ಎಂದು ತಿಳಿದರೆ ನಮ್ಮ ಮಲೆನಾಡಿನವರಿಗೆ ಸೋಜಿಗವಾಗಬಹುದು. ಅದರ ಮೂಲ ಇರುವುದು ಚಳಿಜ್ವರದಲ್ಲಿ, ಅಂದರೆ ಮಲೇರಿಯದಲ್ಲಿ. ಮಂಜರಾಬಾದಿನ ಕಾಫಿ ತೋಟಗಳಿಗೆ ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದ ನಮ್ಮ ಹಿಂದಿನವರನ್ನು ಕಾಡಿದ ಅದೇ ಚಳಿಜ್ವರ.

ಹದಿನೇಳನೇ ಶತಮಾನದಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದಿಂದ ಯೇಸುಸಭೆಯ ಗುರುಗಳು ಒಂದು ಮರದ ತೊಗಟೆಯನ್ನು ಯೂರೋಪಿಗೆ ತಂದರು. ಅದು ಸಿಂಕೋನ ಮರದ ತೊಗಟೆ. ಚಳಿಜ್ವರಕ್ಕೆ ಅದು ರಾಮಬಾಣವಾಗಿತ್ತು. ರೋಮಿನ ಬಡರೋಗಿಗಳಿಗೆ ಅದನ್ನು ಹಂಚಿಸಿದವರು ಯೇಸುಸಭೆಯವರೇ ಆದ ಕಾರ್ಡಿನಲ್ ಹ್ವಾನ್ ದೆ ಲೂಗೊ. ಜನ ಅದಕ್ಕೆ ಯೇಸುಸಭೆಯವರ ತೊಗಟೆ ಎಂದೇ ಹೆಸರಿಟ್ಟರು. 1820ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಆ ತೊಗಟೆಯ ಸತ್ವವನ್ನು ಬೇರ್ಪಡಿಸಿ ತೆಗೆದದ್ದೇ ಕ್ವಿನೈನ್.

ಅದಕ್ಕೂ ಮೊದಲು, 1790ರಲ್ಲಿ, ಸಾಮುಯೆಲ್ ಹಾನೆಮನ್ ಎಂಬ ಜರ್ಮನ್ ವೈದ್ಯರು ಈ ತೊಗಟೆಯನ್ನು ಆರೋಗ್ಯವಾಗಿದ್ದಾಗಲೇ ತಾವೇ ತಿಂದು ನೋಡಿದರು. ತಮ್ಮ ಮೈಯಲ್ಲಿ ಚಳಿಜ್ವರದಂಥದೇ ಲಕ್ಷಣ ಕಾಣಿಸಿತು ಎಂದು ಅವರಿಗೆ ತೋರಿತು. ಯಾವ ವಸ್ತು ಆರೋಗ್ಯವಂತನಲ್ಲಿ ಒಂದು ರೋಗದ ಲಕ್ಷಣವನ್ನು ಎಬ್ಬಿಸುತ್ತದೋ ಅದೇ ವಸ್ತು, ಅತಿ ಸೂಕ್ಷ್ಮ ಪ್ರಮಾಣದಲ್ಲಿ ಕೊಟ್ಟರೆ, ಆ ರೋಗವನ್ನು ಗುಣಪಡಿಸುತ್ತದೆ ಎಂಬ ಸಿದ್ಧಾಂತವನ್ನು ಅವರು ಇದರ ಮೇಲೆ ಕಟ್ಟಿದರು. 1810ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದರು. ಅದೇ ಹೋಮಿಯೋಪಥಿ.

ಒಂದೇ ತೊಗಟೆಯಿಂದ ಎರಡು ದಾರಿಗಳು ಹೊರಟವು. ಒಂದು ಕ್ವಿನೈನಿನ ದಾರಿ, ಇನ್ನೊಂದು ಗುಳಿಗೆಯ ದಾರಿ. ಮಲೇರಿಯದ ರೋಗಾಣುವನ್ನು ಕೊಂದು ಲಕ್ಷಾಂತರ ಜೀವ ಉಳಿಸಿದ್ದು ಮೊದಲನೆಯದು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಹಾಗಾದರೆ ಎರಡನೆಯದು ಅಷ್ಟೊಂದು ಜನರನ್ನು ಸೆಳೆದದ್ದು ಹೇಗೆ?

ಅಂದಿನ ವೈದ್ಯಕೀಯ ಹೇಗಿತ್ತು ಎಂಬುದನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ವೈದ್ಯರು ಜ್ವರ ಬಂದವನ ರಕ್ತ ತೆಗೆಯುತ್ತಿದ್ದರು, ಭೇದಿ ಮಾಡಿಸುತ್ತಿದ್ದರು, ಪಾದರಸದ ಔಷಧಿ ನುಂಗಿಸುತ್ತಿದ್ದರು. ನಿತ್ರಾಣವಾದ ರೋಗಿ ಇನ್ನಷ್ಟು ನಿತ್ರಾಣನಾಗುತ್ತಿದ್ದ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಅಲ್ಲಿನ ಹೋಮಿಯೋಪಥಿ ಆಸ್ಪತ್ರೆಯಲ್ಲಿ ಸಾವು ಬೇರೆ ಆಸ್ಪತ್ರೆಗಳಿಗಿಂತ ಬಹಳ ಕಡಿಮೆಯಾಗಿತ್ತು. ಅಲ್ಲಿನ ರೋಗಿಯ ರಕ್ತವನ್ನು ಯಾರೂ ತೆಗೆಯಲಿಲ್ಲ, ವಿಷ ಕುಡಿಸಲಿಲ್ಲ, ಅವನು ಶುಚಿಯಾಗಿ ಮಲಗಿದ್ದ. ಕೇಡು ಮಾಡದೆ ಇರುವುದೇ ಆ ಕಾಲದಲ್ಲಿ ದೊಡ್ಡ ಉಪಕಾರವಾಗಿತ್ತು.

ಇದೇ ಕಾಲದ ಇನ್ನೊಬ್ಬ ಧರ್ಮಗುರುವಿನ ಹೆಸರನ್ನೂ ಇಲ್ಲಿ ನೆನೆಯಬಹುದು. ಬವೇರಿಯದ ನೇಕಾರರ ಮಗ ಸೆಬಾಸ್ಟಿಯನ್ ಕ್ನೈಪ್ ಸೆಮಿನರಿ ಸೇರುವ ಹಂಬಲದಲ್ಲಿದ್ದಾಗಲೇ ಕ್ಷಯದಿಂದ ಸೊರಗಿದ್ದರು. ತಣ್ಣೀರು ಚಿಕಿತ್ಸೆಯ ಒಂದು ಹಳೆಯ ಪುಸ್ತಕ ಕೈಗೆ ಸಿಕ್ಕಿತು. 1849ರ ಚಳಿಗಾಲದಲ್ಲಿ ಡಾನ್ಯೂಬ್ ನದಿಯಲ್ಲಿ ಕೆಲವು ಕ್ಷಣ ಮುಳುಗಿ ಎದ್ದು ಓಡಿ ಬಂದು ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಅವರು ಚೇತರಿಸಿಕೊಂಡರು, 1852ರಲ್ಲಿ ಗುರುಗಳಾದರು, ವೋರಿಸ್‌ಹೋಫನ್ ಎಂಬ ಹಳ್ಳಿಯನ್ನು ನೀರಿನ ಚಿಕಿತ್ಸೆಯ ಯಾತ್ರಾಸ್ಥಳವನ್ನಾಗಿ ಮಾಡಿದರು, 1897ರಲ್ಲಿ ತೀರಿಕೊಂಡರು. ಇಂದು ಉಜಿರೆಯಂಥ ಕಡೆ ಕಾಣುವ ಪ್ರಕೃತಿ ಚಿಕಿತ್ಸೆಯ ಹಿಂದೆ ಅವರ ಕೈವಾಡವೂ ಇದೆ. ತಣ್ಣೀರು ಕ್ಷಯರೋಗವನ್ನು ವಾಸಿಮಾಡುವುದಿಲ್ಲ. ಆದರೆ ನಡಿಗೆ, ಸರಳ ಊಟ, ಗಾಳಿ ಬೆಳಕು, ಮಿತವಾದ ಬದುಕು ಇವನ್ನೂ ಅವರು ರೋಗಿಗಳಿಗೆ ಕಲಿಸಿದರು. ಅವುಗಳಿಂದ ಮೈಗೆ ಒಳ್ಳೆಯದಾಗುತ್ತದೆ ಎಂಬುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ.

ಅಂಚೆಯಲ್ಲಿ ಹೋದ ಔಷಧಿ

ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಕುಳಿತು ಮಾಡಿದ ಕೆಲಸದಲ್ಲಿ ಬಹಳ ಜಾಣತನವಿತ್ತು. ಬಡವರಿಗೆ ಧರ್ಮಕ್ಕೆ ಔಷಧಿ ಕೊಡಬೇಕು, ಅದಕ್ಕೆ ಹಣ ಬೇಕು. ಪ್ರತಿ ಸಲ ಕೈಯೊಡ್ಡುವುದರ ಬದಲು ಅವರು ಔಷಧಿಯನ್ನು ಅಂಚೆಯ ಮೂಲಕ ಮಾರತೊಡಗಿದರು. ಕೊಳ್ಳಲು ಶಕ್ತಿ ಇದ್ದವರು ಕೊಟ್ಟ ದುಡ್ಡಿನಲ್ಲಿ ಶಕ್ತಿ ಇಲ್ಲದವರಿಗೆ ಔಷಧಿ.

ಆ ಕಾಲದಲ್ಲಿ ಡಾಕ್ಟರೆಂದರೆ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಸಿಗುವ ವ್ಯಕ್ತಿ. ಹಳ್ಳಿಯ ಮೇಷ್ಟರು, ದೂರದ ಧರ್ಮಕೇಂದ್ರದ ಗುರುಗಳು, ಕಾನ್ವೆಂಟಿನ ಸಿಸ್ಟರುಗಳು, ತೋಟದ ಮಾಲೀಕರು ಇಂಥವರಿಗೆ ಪುಟ್ಟ ಸೀಸೆಗಳ ಪೆಟ್ಟಿಗೆಯೊಂದು, ಜೊತೆಗೆ ಯಾವ ಲಕ್ಷಣಕ್ಕೆ ಯಾವುದು ಎಂದು ಹೇಳುವ ಕಿರುಪುಸ್ತಕವೊಂದು ಇದ್ದರೆ ದೊಡ್ಡ ಧೈರ್ಯ. ಕಂಕನಾಡಿಯ ಔಷಧಿ ಹೀಗೆ ದೇಶದ ಮೂಲೆಮೂಲೆಗೆ ಹೋಯಿತು. ಜರ್ಮನಿಯ ವೈದ್ಯ ಶೂಸ್ಲರ್ ಅವರ ಹನ್ನೆರಡು ಲವಣಗಳ ಔಷಧಿ, ಇಟಲಿಯಿಂದ ಬಂದ ಸೊಲೇರಿ-ಬೆಲೊಟ್ಟಿ ಔಷಧಿಗಳು ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಹನ್ನೆರಡು ಲವಣಗಳ ಬಗ್ಗೆ ಫಾದರ್ ಮುಲ್ಲರ್ ಅವರೇ ಪುಸ್ತಕ ಬರೆದರು. ಒಂದೇ ಪದ್ಧತಿಗೆ ಅಂಟಿ ಕುಳಿತವರಲ್ಲ ಅವರು. ರೋಗಿಗೆ ಉಪಶಮನವಾಗುವುದಾದರೆ ಇದನ್ನೂ ನೋಡೋಣ, ಅದನ್ನೂ ನೋಡೋಣ ಎಂಬುದು ಅವರ ರೀತಿ. ಇಂದು ನಮ್ಮ ಮನೆಗಳಲ್ಲಿ ಕಾಣುವುದೂ ಇದೇ ಮನಸ್ಸಲ್ಲವೇ?

ಕುಷ್ಠರೋಗಿಗಳ ಮನೆ

ಆಲದ ಮರದ ಕೆಳಗೆ ಬಂದವರಲ್ಲಿ ಗುಳಿಗೆ ತೆಗೆದುಕೊಂಡು ಮನೆಗೆ ಹೋಗಲಾಗದ ಕೆಲವರಿದ್ದರು. ಅವರಿಗೆ ಮನೆಯೇ ಇರಲಿಲ್ಲ. ಅವರು ಕುಷ್ಠರೋಗಿಗಳು. ಬೆರಳು ಸವೆದವರನ್ನು, ಮುಖ ವಿಕಾರವಾದವರನ್ನು ಹೆತ್ತವರೇ ಹೊರಗೆ ಹಾಕುತ್ತಿದ್ದ ಕಾಲ ಅದು. ನಾರ್ವೆಯ ಹಾನ್ಸೆನ್ 1873ರಲ್ಲೇ ಈ ರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದಿದ್ದರೂ ಜನರ ಮನಸ್ಸಿನಲ್ಲಿ ಅದು ಪಾಪದ ಫಲ, ಶಾಪ.

1889ರ ಏಪ್ರಿಲ್‌ನಲ್ಲಿ, ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ, ಕುಷ್ಠರೋಗಿಗಳ ಸೇವೆ ಮಾಡಿ ಅದೇ ರೋಗಕ್ಕೆ ತುತ್ತಾದ ಫಾದರ್ ಡೇಮಿಯನ್ ತೀರಿಕೊಂಡರು. ಲೋಕವೆಲ್ಲ ಅವರ ಸುದ್ದಿ ಓದಿತು. ಅದರ ಮರುವರ್ಷ, 1890ರಲ್ಲಿ, ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಯಧಾಮವನ್ನು ತೆರೆದರು.

ಡೇಮಿಯನ್ ಅವರೂ ತಮ್ಮ ಕಾಯಿಲೆಗೆ ಬೇರೆ ಬೇರೆ ಚಿಕಿತ್ಸೆಗಳನ್ನು ಮಾಡಿ ನೋಡಿದವರೇ. 1886ರಲ್ಲಿ ಜಪಾನಿನ ವೈದ್ಯ ಗೋಟೋ ಅವರ ಬಿಸಿನೀರಿನ ಸ್ನಾನ ಮತ್ತು ಗಿಡಮೂಲಿಕೆಯ ಗುಳಿಗೆಗಳನ್ನು ಹೊನೊಲುಲುವಿಗೆ ಹೋಗಿ ಪರೀಕ್ಷಿಸಿ ಬಂದು, ತಮ್ಮ ದ್ವೀಪದಲ್ಲೂ ಅದನ್ನು ಆರಂಭಿಸಿದರು. ಮೊದಲು ಹಗುರವಾಯಿತು, ಮೈ ಹಿತವಾಯಿತು, ಆಸೆ ಚಿಗುರಿತು. ಆದರೆ ರೋಗ ನಿಲ್ಲಲಿಲ್ಲ. ಮೂರು ವರ್ಷದಲ್ಲಿ ಅವರನ್ನು ತೆಗೆದುಕೊಂಡು ಹೋಯಿತು. 2009ರಲ್ಲಿ ಧರ್ಮಸಭೆ ಅವರನ್ನು ಸಂತರ ಸಾಲಿಗೆ ಸೇರಿಸಿತು. ಸಂತನಾಗುವವನೂ ಔಷಧಿ ಹುಡುಕಿಕೊಂಡು ಹೋದ, ನೋವು ಕಡಿಮೆಯಾಗಲಿ ಎಂದು ಬಯಸಿದ ಎಂಬುದನ್ನು ನಾವು ಮರೆಯಬಾರದು. ನೋವು ಸಹಿಸುವುದೇ ಪುಣ್ಯ, ಔಷಧಿ ಹುಡುಕುವುದು ವಿಶ್ವಾಸದ ಕೊರತೆ ಎಂದು ಹೇಳುವವರು ಡೇಮಿಯನ್ ಅವರ ಕಡೆ ನೋಡಬೇಕು.

ಕಂಕನಾಡಿಯಲ್ಲಿಯೂ ಸಕ್ಕರೆ ಗುಳಿಗೆ ಕುಷ್ಠವನ್ನು ಗೆಲ್ಲಲಿಲ್ಲ. ಗೆಲ್ಲುವುದು ಅದರಿಂದ ಸಾಧ್ಯವೂ ಇರಲಿಲ್ಲ. ಆ ದಿನಗಳಲ್ಲಿ ಲೋಕದ ಯಾವ ಔಷಧಿಯೂ ಅದನ್ನು ಗೆದ್ದಿರಲಿಲ್ಲ. ಚಾಲಮೊಗ್ರ ಬೀಜದ ಎಣ್ಣೆಯನ್ನು ಹಚ್ಚುತ್ತಿದ್ದರು, ಕುಡಿಸುತ್ತಿದ್ದರು. ಅದರಿಂದ ಅಲ್ಪಸ್ವಲ್ಪ ಉಪಶಮನ. ನಿಜವಾದ ಔಷಧಿ ಬಂದದ್ದು 1940ರ ದಶಕದಲ್ಲಿ. ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸೂಚಿಸಿದ ಮೇಲೆ, ಆರು ತಿಂಗಳು ಅಥವಾ ಒಂದು ವರ್ಷ ತಪ್ಪದೆ ಮಾತ್ರೆ ತೆಗೆದುಕೊಂಡರೆ ಕುಷ್ಠ ಪೂರ್ತಿ ವಾಸಿಯಾಗುವ ಕಾಯಿಲೆಯಾಯಿತು.

ಹಾಗಾದರೆ 1890ರಲ್ಲಿ ಬಂದು ಸೇರಿದ ಆ ರೋಗಿಗಳಿಗೆ ಫಾದರ್ ಮುಲ್ಲರ್ ಕೊಟ್ಟದ್ದೇನು? ಗಾಯ ತೊಳೆದು ಕಟ್ಟುವ ಕೈ, ಹೊತ್ತಿಗೆ ಊಟ, ಮಲಗಲು ಜಾಗ, ಹೆಸರಿಡಿದು ಕರೆಯುವ ಮನುಷ್ಯರು. ರೋಗ ಹೋಗದಿದ್ದರೂ ರೋಗಿಯ ಬಾಳು ಹಗುರವಾಗಬಹುದು ಎಂಬುದನ್ನು ಆ ಮನೆ ತೋರಿಸಿಕೊಟ್ಟಿತು.

ಪ್ಲೇಗಿನ ವರ್ಷಗಳು

1895ರಲ್ಲಿ ಸಾಮಾನ್ಯ ರೋಗಿಗಳಿಗಾಗಿ ಆಸ್ಪತ್ರೆಯೂ ಎದ್ದಿತು. ಮರುವರ್ಷ ಮುಂಬಯಿಗೆ ಪ್ಲೇಗ್ ಬಂತು. ಎರಡು ವರ್ಷದಲ್ಲಿ ಅದು ಮೈಸೂರು ಸಂಸ್ಥಾನಕ್ಕೂ ಕಾಲಿಟ್ಟಿತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮ ಹಾಸನ ಸೀಮೆಯ ಹಿರಿಯರ ಬಾಯಿಂದ ಕೇಳಿದವರಿದ್ದಾರೆ. ಮಂಗಳೂರಿಗೆ ಪ್ಲೇಗ್ ಬಂದಾಗ, 1902ರಲ್ಲಿ, ಫಾದರ್ ಮುಲ್ಲರ್ ಅದಕ್ಕೆಂದೇ ಪ್ರತ್ಯೇಕ ಆಸ್ಪತ್ರೆ ತೆರೆದರು.

ಅವರಿಗೆ ಆಗ ಅರವತ್ತು ದಾಟಿತ್ತು. ಪ್ಲೇಗ್ ರೋಗಿಯ ಹತ್ತಿರ ಹೋಗಲು ಬಂಧುಗಳೇ ಹೆದರುವಾಗ ಬಾಗಿಲು ತೆರೆದಿಟ್ಟುಕೊಂಡು ಕುಳಿತುಕೊಳ್ಳುವುದು ಸಣ್ಣ ಮಾತಲ್ಲ. ಬ್ರಿಟಿಷ್ ಸರ್ಕಾರ ಅವರ ಸೇವೆಯನ್ನು ಮೆಚ್ಚಿ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ಪ್ರಭುವಿನಲ್ಲಿ ವಿಶ್ರಮಿಸಿದರು. ಮಂಗಳೂರಿಗೆ ಬಂದು ಮೂವತ್ತೆರಡು ವರ್ಷ ತುಂಬಲು ಎರಡೇ ತಿಂಗಳು ಬಾಕಿಯಿತ್ತು.

ಗುಣವಾದದ್ದು ಯಾವುದರಿಂದ?

ಪ್ರಿಯ ವಾಚಕರೇ, ಇಲ್ಲೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೋಮಿಯೋಪಥಿಯ ಔಷಧಿಯನ್ನು ನೂರರಲ್ಲಿ ಒಂದು ಪಾಲಿನಂತೆ ಮತ್ತೆ ಮತ್ತೆ ತೆಳುಮಾಡುತ್ತಾ ಹೋಗುತ್ತಾರೆ. ಹನ್ನೆರಡು ಸಲ ದಾಟಿದ ಮೇಲೆ ಮೂಲವಸ್ತುವಿನ ಒಂದು ಕಣವೂ ಅದರಲ್ಲಿ ಉಳಿದಿರುವ ಸಂಭವವಿಲ್ಲ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಮೂವತ್ತು ಸಲ ತೆಳುಮಾಡಿದ ಔಷಧಿ ಅಂಗಡಿಯಲ್ಲಿ ಸಾಮಾನ್ಯ. ಆಸ್ಟ್ರೇಲಿಯದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದುವರೆಗೆ ನಡೆದ ಪ್ರಯೋಗಗಳನ್ನು ತೂಗಿ ನೋಡಿ, ಯಾವೊಂದು ಕಾಯಿಲೆಗೂ ಹೋಮಿಯೋಪಥಿ ಫಲಕಾರಿ ಎಂದು ನಂಬಲು ತಕ್ಕ ಆಧಾರವಿಲ್ಲ ಎಂದು 2015ರಲ್ಲಿ ವರದಿ ಕೊಟ್ಟಿತು. ಇದನ್ನು ಒಪ್ಪದ ವೈದ್ಯರು ನಮ್ಮ ದೇಶದಲ್ಲಿ ಬಹಳ ಮಂದಿ ಇದ್ದಾರೆ, ಸರ್ಕಾರವೂ ಆ ಪದ್ಧತಿಗೆ ಮಾನ್ಯತೆ ಕೊಟ್ಟಿದೆ. ಆದರೂ ವರದಿ ಇರುವುದು ಹೀಗೆ.

ಆದರೆ ಆಲದ ಮರದ ಕೆಳಗೆ ನಿಂತ ಜನ ಹಗುರವಾಗಿ ಮನೆಗೆ ಹೋದದ್ದು ಸುಳ್ಳೇ? ಸುಳ್ಳಲ್ಲ. ಎಷ್ಟೋ ಕಾಯಿಲೆಗಳು ತಾವಾಗಿಯೇ ಇಳಿಯುತ್ತವೆ. ಬಹುಕಾಲದ ನೋವುಗಳು ಅಲೆಯಂತೆ ಏರಿ ಇಳಿಯುತ್ತವೆ. ತೀರಾ ಏರಿದಾಗ ನಾವು ಹೊಸ ಔಷಧಿ ಹುಡುಕುತ್ತೇವೆ, ಇಳಿದಾಗ ಆ ಔಷಧಿಗೆ ಹೆಸರು ಬರುತ್ತದೆ. ಇದಲ್ಲದೆ, ತಾಳ್ಮೆಯಿಂದ ಕುಳಿತು ನಿದ್ದೆ ಹೇಗೆ, ಹಸಿವು ಹೇಗೆ, ನೋವು ಯಾವಾಗ ಹೆಚ್ಚು ಎಂದು ಕೇಳುವ ಒಬ್ಬ ಮನುಷ್ಯ ಸಿಕ್ಕಿದರೆ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ. ನಂಬಿಕೆಯಿಂದ ತೆಗೆದುಕೊಂಡ ಗುಳಿಗೆಯಿಂದ ನೋವು, ವಾಕರಿಕೆ, ನಿದ್ದೆಗೇಡುಗಳು ನಿಜವಾಗಿಯೂ ಕಡಿಮೆಯಾಗುತ್ತವೆ ಎಂಬುದನ್ನು ವಿಜ್ಞಾನವೂ ಒಪ್ಪಿದೆ. ಆದರೆ ನಂಬಿಕೆ ಕ್ಷಯದ ಕ್ರಿಮಿಯನ್ನು ಕೊಲ್ಲುವುದಿಲ್ಲ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿ ಇಡುವುದಿಲ್ಲ.

ಫಾದರ್ ಮುಲ್ಲರ್ ಅವರ ದೊಡ್ಡತನ ಇಲ್ಲಿಯೇ ಇದೆ. ಅವರು ಗುಳಿಗೆಯಲ್ಲಿಯೇ ನಿಂತುಬಿಡಲಿಲ್ಲ. ರೋಗಿಗೆ ಹಾಸಿಗೆ ಬೇಕಾದಾಗ ಹಾಸಿಗೆ ಹಾಕಿದರು, ಬೇರೆ ಇಡಬೇಕಾದಾಗ ಬೇರೆ ಕಟ್ಟಡ ಕಟ್ಟಿದರು. ಅವರ ನಂತರ ಬಂದವರೂ ಅದೇ ದಾರಿಯಲ್ಲಿ ನಡೆದರು. ಅವರ ಹೆಸರಿನ ಸಂಸ್ಥೆ 1985ರಲ್ಲಿ ಹೋಮಿಯೋಪಥಿ ಕಾಲೇಜನ್ನೂ 1999ರಲ್ಲಿ ಅಲೋಪಥಿಯ ವೈದ್ಯಕೀಯ ಕಾಲೇಜನ್ನೂ ಆರಂಭಿಸಿತು. ಘಟ್ಟ ಇಳಿದು ಹೋಗುವ ನಮ್ಮವರು ಆಪರೇಷನ್ನಿಗೆ, ಡಯಾಲಿಸಿಸ್‌ಗೆ, ಹೆರಿಗೆಗೆ ಅಲ್ಲಿಗೆ ಹೋಗುತ್ತಾರೆ. ಸಂಸ್ಥಾಪಕರು ಗುಳಿಗೆ ಕೊಟ್ಟರು, ಆದ್ದರಿಂದ ನಾವೂ ಗುಳಿಗೆ ಮಾತ್ರ ಕೊಡುತ್ತೇವೆ ಎಂದು ಆ ಮನೆಯವರು ಹಟ ಹಿಡಿದಿದ್ದರೆ ಇವತ್ತು ಎಷ್ಟು ಜೀವಗಳು ಉಳಿಯುತ್ತಿದ್ದವು?

ನಮ್ಮ ಮನೆಗಳಿಗೆ

ಧರ್ಮಸಭೆ ಔಷಧಿಯನ್ನು ಎಂದೂ ದೂರ ಇಟ್ಟಿಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯನನ್ನು ಗೌರವಿಸಬೇಕೆಂದೂ ಭೂಮಿಯಲ್ಲಿ ಬೆಳೆಯುವ ಔಷಧಿ ದೇವರ ಸೃಷ್ಟಿಯೆಂದೂ ಕಲಿಸುತ್ತದೆ. ಅದೇ ಅಧ್ಯಾಯ ಪ್ರಾರ್ಥನೆಯನ್ನೂ ಹೇಳುತ್ತದೆ, ವೈದ್ಯನಿಗೆ ಜಾಗ ಬಿಡಬೇಕೆಂದೂ ಹೇಳುತ್ತದೆ. ಜಗದ್ಗುರು ಹನ್ನೆರಡನೇ ಪಿಯೂಸ್ 1957ರಲ್ಲಿ ವೈದ್ಯರ ಮುಂದೆ ಮಾತನಾಡುತ್ತಾ, ಜೀವ ಮತ್ತು ಆರೋಗ್ಯವನ್ನು ಕಾಪಾಡಲು ಸಾಮಾನ್ಯ ಉಪಾಯಗಳನ್ನು ಬಳಸುವುದು ನಮ್ಮ ಕರ್ತವ್ಯ, ತಾಳಲಾರದ ಹೊರೆಯಾಗುವ ಉಪಾಯಗಳಿಗೆ ಯಾರೂ ಕಟ್ಟುಬಿದ್ದಿಲ್ಲ ಎಂದು ವಿವರಿಸಿದರು. ಗುಣಕ್ಕಾಗಿ ಮಾಡುವ ಪ್ರಾರ್ಥನೆಗಳ ಬಗ್ಗೆ 2000ದಲ್ಲಿ ರೋಮಿನಿಂದ ಬಂದ ಸೂಚನೆಯೂ ಪ್ರಾರ್ಥನೆ ಇದ್ದರೆ ಔಷಧಿ ಬೇಡವೆಂದು ಅರ್ಥವಲ್ಲ ಎಂದಿತು. ಲೂರ್ದಿನಲ್ಲಿ ಗುಣವಾದೆ ಎಂದು ಯಾರಾದರೂ ಹೇಳಿದರೆ ಅದನ್ನು ಮೊದಲು ಪರೀಕ್ಷಿಸುವವರು ವೈದ್ಯರು. ಅದಕ್ಕಾಗಿ ಅಲ್ಲಿ 1883ರಿಂದ ವೈದ್ಯರ ಕಚೇರಿಯೇ ಇದೆ. ನಮ್ಮ ಹಾಸನ ಸೀಮೆಯ ಸಾತಳ್ಳಿಯಲ್ಲಿ ಕ್ರೈಸ್ತ ಕುಟುಂಬಗಳಿಗೆ ನೆಲೆ ಕಲ್ಪಿಸಿದ ಅಬ್ಬೆ ದುಬಾಯ್ ಅವರೂ ಇನ್ನೂರು ವರ್ಷಗಳ ಹಿಂದೆಯೇ ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದವರು.

ಹೀಗಿರುವಾಗ ಉಪಶಮನಕ್ಕಾಗಿ ಬೇರೆ ಪದ್ಧತಿಗಳನ್ನು ನೋಡುವುದರಲ್ಲಿ ತಪ್ಪಿಲ್ಲ. ಮಂಡಿಗೆ ತೈಲ ಹಚ್ಚಿ ಶಾಖ ಕೊಟ್ಟರೆ ಹಿತವಾಗುತ್ತದೆ. ಉಸಿರಾಟದ ವ್ಯಾಯಾಮದಿಂದ ಉಬ್ಬಸದವರಿಗೆ ಧೈರ್ಯ ಬರುತ್ತದೆ. ನಡಿಗೆ, ಮಿತವಾದ ಊಟ ಎಲ್ಲರಿಗೂ ಒಳ್ಳೆಯದು. ಆದರೆ ಕೆಲವು ಎಚ್ಚರಗಳನ್ನು ಮನೆಯ ಹಿರಿಯರು ಗಮನದಲ್ಲಿ ಇಟ್ಟುಕೊಳ್ಳಬೇಕು.

ಮೊದಲನೆಯದು, ಹೊಸದು ಸೇರಿಸಬಹುದು, ಹಳೆಯದನ್ನು ಡಾಕ್ಟರನ್ನು ಕೇಳದೆ ಬಿಡಬಾರದು. ಇನ್ಸುಲಿನ್, ರಕ್ತದೊತ್ತಡದ ಮಾತ್ರೆ, ಕ್ಷಯದ ಮಾತ್ರೆ, ಮೂರ್ಛೆರೋಗದ ಮಾತ್ರೆ ಇವುಗಳನ್ನು ನಿಲ್ಲಿಸಿ ಬೇರೆಯದನ್ನು ಹಿಡಿದವರ ಮನೆಗೆ ಅಂತಿಮ ಅಭ್ಯಂಗ ಕೊಡಲು ಹೋಗುವಂಥ ಪರಿಸ್ಥಿತಿ ಯಾವ ಗುರುವಿಗೂ ಬರಬಾರದು. ಎರಡನೆಯದು, ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಬೇಕು. ಬೈಯುತ್ತಾರೆ ಎಂದು ಮುಚ್ಚಿಟ್ಟರೆ ಎರಡು ಔಷಧಿಗಳು ಒಳಗೆ ಜಗಳವಾಡಿದಾಗ ಅವರಿಗೆ ಕಾರಣ ತಿಳಿಯುವುದಿಲ್ಲ. ಮೂರನೆಯದು, ಏನು ಬೆರೆತಿದೆ ಎಂದು ಹೇಳದ ಪುಡಿಯನ್ನು ನುಂಗಬಾರದು. ಉಬ್ಬಸಕ್ಕೆ, ಕೀಲುನೋವಿಗೆ ಎಂದು ಮಾರುವ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಸಿಕ್ಕಿದೆ. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಸಿಕ್ಕಿವೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ. ನಾಲ್ಕನೆಯದು, ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುತ್ತೇನೆ, ಆಸ್ಪತ್ರೆಗೆ ಹೋಗಬೇಡಿ ಎನ್ನುವವನ ಬಾಗಿಲಿನಿಂದ ಹಿಂದೆ ಬರಬೇಕು. ಹೆಂಡತಿಯ ಬಳೆ ಅಡವಿಟ್ಟು ಅವನಿಗೆ ಹಣ ಕೊಡಬೇಕಾಗಿ ಬಂದರಂತೂ ಕಾಯಿಲೆ ಮನೆಯವರೆಲ್ಲರಿಗೂ ಹತ್ತಿದಂತೆ. ಐದನೆಯದು, ಚಿಕಿತ್ಸೆಯ ಹೆಸರಿನಲ್ಲಿ ಮಾಟ, ಮಂತ್ರ, ತಾಯಿತ ಕೇಳಿದರೆ ಅದು ಔಷಧಿಯೇ ಅಲ್ಲ.

ಇದರ ಜೊತೆಗೆ ಮನೆಯವರು ಕೊಡಬಹುದಾದ ಒಂದು ಚಿಕಿತ್ಸೆ ಇದೆ. ಬಿಡದ ಕಾಯಿಲೆಯವರು ಬೇರೆ ಬೇರೆ ವೈದ್ಯರ ಬಳಿಗೆ ಅಲೆಯುವುದು ಅನೇಕ ಸಲ ಗುಳಿಗೆಗಾಗಿ ಅಲ್ಲ, ತಮ್ಮ ಮಾತು ಕೇಳುವವರು ಬೇಕೆಂದು. ತೋಟದ ಕೆಲಸ, ಮಕ್ಕಳ ಶಾಲೆ, ಮೆಣಸಿನ ಕೊಯ್ಲು ಇವುಗಳ ನಡುವೆ ಮೂಲೆಯ ಮಂಚದ ಮೇಲಿರುವ ಅಜ್ಜಿಗೆ ನೋವು ಎಲ್ಲಿದೆ ಎಂದು ದಿನಕ್ಕೊಮ್ಮೆಯಾದರೂ ಕುಳಿತು ಕೇಳಿದರೆ ಅದೂ ಉಪಶಮನವೇ. ಮನೆಯಲ್ಲಿ ಮಲಗಿದವರಿಗೆ ಪರಮ ಪ್ರಸಾದ ಬೇಕಿದ್ದರೆ, ವ್ಯಾಧಿಸ್ಥರ ಅಭ್ಯಂಗ ಬೇಕಿದ್ದರೆ ನಿಮ್ಮ ಗುರುಗಳಿಗೆ ಹೇಳಿಕಳುಹಿಸಿ. ಅದು ಸಾಯುವವರಿಗೆ ಮಾತ್ರ ಎಂಬ ಹಳೆಯ ಭಯ ಬೇಡ. ಬಹುಕಾಲದ ಕಾಯಿಲೆಯಿಂದ ಬಳಲುವವರಿಗೂ ಅದು ಬಲ ಕೊಡುವ ಸಂಸ್ಕಾರ.

ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಸಭೆ ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಜಗದ್ಗುರು ಎರಡನೇ ಜಾನ್ ಪಾಲ್ ಅದನ್ನು ಸ್ಥಾಪಿಸಿ 1993ರಲ್ಲಿ ಮೊದಲ ಸಲ ಆಚರಿಸಿದರು. ಆ ದಿನ ನಿಮ್ಮ ಧರ್ಮಕೇಂದ್ರದ ಒಂದು ಮನೆಗಾದರೂ ಹೋಗಿ ಬನ್ನಿ. ಗೂಡಿನಲ್ಲಿರುವ ಔಷಧಿಗಳನ್ನು ಒಮ್ಮೆ ಇಳಿಸಿ, ಅವಧಿ ಮುಗಿದವನ್ನು ತೆಗೆದುಹಾಕಿ, ಉಳಿದವನ್ನು ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ಸಲ ಅವರು ಡಾಕ್ಟರ ಬಳಿಗೆ ಹೋಗುವಾಗ ಆ ಚೀಟಿ ಅವರ ಕೈಯಲ್ಲಿರಲಿ.